ಅಣೆಕಟ್ಟೆಯ ತಳದ ಅನಿಲ: ಬ್ರೆಜಿಲ್ ಅಳೆಯಿತು, ನಾವು ಅಳೆಯಲಿಲ್ಲ

1987ರಲ್ಲಿ ಭೂಮಿಯ ಎರಡು ಮೂಲೆಗಳಲ್ಲಿ ಎರಡು ನದಿಗಳು ಕಾಡಿನ ನಡುವೆ ನಿಂತವು. ಒಂದು ನಮ್ಮ ಕಾಳಿ. ಜೊಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸುಪಾ ಅಣೆಕಟ್ಟೆ ಪೂರ್ಣಗೊಂಡದ್ದು ಆ ವರ್ಷ. ಇನ್ನೊಂದು ಬ್ರೆಜಿಲ್ಲಿನ ಉವಾಟುಮಾ. ಮನಾಸ್ ನಗರದ ಉತ್ತರಕ್ಕೆ ಕಟ್ಟಿದ ಬಾಲ್ಬಿನಾ ಅಣೆಕಟ್ಟೆಯ ಬಾಗಿಲು ಮುಚ್ಚಿ ನೀರು ತುಂಬಿಸಲು ಶುರುಮಾಡಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಇಲ್ಲಿ ತಾಲ್ಲೂಕು ಕೇಂದ್ರವಾಗಿದ್ದ ಹಳೆಯ ಸುಪಾ ಪೇಟೆಯೇ ಮುಳುಗಿ ಕಚೇರಿಗಳು ಜೊಯಿಡಾಕ್ಕೆ, ಜನ ರಾಮನಗರಕ್ಕೆ ಹೋದರು. ಅಲ್ಲಿ ವೈಮಿರಿ-ಅಟ್ರೊವಾರಿ ಬುಡಕಟ್ಟಿನವರು ನೆಲ ಕಳೆದುಕೊಂಡರು. ಎರಡೂ ಕಡೆ ಸರ್ಕಾರಗಳು ಹೇಳಿದ್ದು ಒಂದೇ ಮಾತು: ಜಲವಿದ್ಯುತ್ತಿಗೆ ಹೊಗೆ ಇಲ್ಲ.

ಹೊಗೆ ಇಲ್ಲದ್ದು ನಿಜ. ಆದರೆ ಉಷ್ಣವಲಯದ ಜಲಾಶಯದಿಂದ ಕಣ್ಣಿಗೆ ಕಾಣದ, ಮೂಗಿಗೆ ಸಿಗದ ಮೀಥೇನ್ ಹೊರಬೀಳುತ್ತದೆ. ಕಲ್ಲಿದ್ದಲು ಗಣಿ, ತೈಲ ಬಾವಿ, ಅನಿಲ ಕೊಳವೆಗಳಿಂದ ಸೋರುವುದೂ ಇದೇ. ಇಂಧನ ಉತ್ಪಾದನೆಯ ಮೀಥೇನ್ ಸೋರಿಕೆಯಲ್ಲಿ ದೇಶ ದೇಶಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಅಮೆರಿಕ, ರಷ್ಯಾ, ತುರ್ಕ್‌ಮೆನಿಸ್ತಾನಗಳ ಹೆಸರು ಬರುತ್ತದೆ. ಕಾಳಿ ಕಣಿವೆಯವರಾದ ನಮಗೆ ಒಪ್ಪುವ ಹೋಲಿಕೆ ಬ್ರೆಜಿಲ್ಲಿನದು. ಅವರು ತಮ್ಮ ಜಲಾಶಯಗಳ ಬಗ್ಗೆ ಮೂವತ್ತು ವರ್ಷ ಜಗಳವಾಡಿ, ಅಳೆದು, ಮತ್ತೆ ಜಗಳವಾಡಿ ಒಂದು ಚಿತ್ರ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಜಗಳವೂ ಆಗಲಿಲ್ಲ, ಅಳತೆಯೂ ತೀರಾ ಕಡಿಮೆ. ಈ ಅಜ್ಞಾನದ ಬೆಲೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಏರಲಿದೆ ಎಂಬುದು ನನ್ನ ವಾದ.

ಅನಿಲ ಹುಟ್ಟುವ ಬಗೆಯನ್ನು ಉತ್ತರ ಕನ್ನಡದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗುವುದೇ ಜಲಾಶಯದ ತಳದಲ್ಲೂ ಆಗುತ್ತದೆ. ಗಾಳಿ ಸಿಗದ ಜಾಗದಲ್ಲಿ ಎಲೆ, ಬೇರು, ಕೆಸರು ಕೊಳೆತರೆ ಸೂಕ್ಷ್ಮಜೀವಿಗಳು ಮೀಥೇನ್ ತಯಾರಿಸುತ್ತವೆ. ವ್ಯತ್ಯಾಸವೆಂದರೆ ಗುಂಡಿಯ ಅನಿಲ ಒಲೆಗೆ ಹೋಗಿ ಉರಿಯುತ್ತದೆ, ಜಲಾಶಯದ್ದು ನೇರ ಆಕಾಶ ಸೇರುತ್ತದೆ. ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗಿ ಹಗುರಾಗುತ್ತದೆ, ತಂಪು ನೀರು ಕೆಳಗೇ ಉಳಿಯುತ್ತದೆ. ಎರಡೂ ಬೆರೆಯದೆ ತಿಂಗಳುಗಟ್ಟಲೆ ಪದರ ಪದರವಾಗಿ ನಿಂತರೆ ತಳದ ಆಮ್ಲಜನಕ ಮುಗಿದು ಅಲ್ಲಿ ಮೀಥೇನ್ ಶೇಖರವಾಗುತ್ತದೆ. ಮೇಲಕ್ಕೆ ನಿಧಾನವಾಗಿ ಏರುವ ಅನಿಲದ ಬಹುಪಾಲನ್ನು ಆಮ್ಲಜನಕವಿರುವ ಪದರದ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಇದು ಪ್ರಕೃತಿಯೇ ಇಟ್ಟ ಕಾವಲು.

ಆ ಕಾವಲನ್ನು ತಪ್ಪಿಸಿಕೊಂಡು ಹೋಗಲು ಅನಿಲಕ್ಕೆ ಎರಡು ದಾರಿಗಳಿವೆ. ಆಳ ಕಡಿಮೆ ಇರುವ ಅಂಚಿನಲ್ಲಿ ಗುಳ್ಳೆಯಾಗಿ ಎದ್ದರೆ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಸಮಯ ಸಿಗದು. ಎರಡನೆಯದು ಮನುಷ್ಯನೇ ಮಾಡಿಕೊಟ್ಟ ದಾರಿ, ಟರ್ಬೈನ್. ವಿದ್ಯುತ್ತಿಗೆ ಬೇಕಾದ ನೀರನ್ನು ಜಲಾಶಯದ ಮೇಲ್ಪದರದಿಂದ ತೆಗೆಯಲಾಗದು. ಬೇಸಿಗೆಯಲ್ಲಿ ಮಟ್ಟ ಇಳಿದಾಗಲೂ ನೀರು ಸಿಗಬೇಕಲ್ಲ, ಹಾಗಾಗಿ ಬಾಯಿ ಆಳದಲ್ಲಿರುತ್ತದೆ. ಆಳದ ಒತ್ತಡದಲ್ಲಿ ಕರಗಿದ್ದ ಮೀಥೇನ್, ನೀರು ಟರ್ಬೈನ್ ದಾಟಿ ಬಯಲಿಗೆ ಬಂದೊಡನೆ ಹೊರಗೆ ಜಿಗಿಯುತ್ತದೆ. ಉಳಿದದ್ದು ಕೆಳಗಿನ ನದಿಯ ಕಲ್ಲುಬಂಡೆಗಳ ಮೇಲೆ ನೊರೆಯಾಗುವಾಗ ಬಿಡುಗಡೆಯಾಗುತ್ತದೆ. ಗಣೇಶಗುಡಿಯಲ್ಲಿ ಪ್ರವಾಸಿಗರು ರ‍್ಯಾಫ್ಟಿಂಗ್ ಮಾಡುವುದು ಸುಪಾ ಪವರ್‌ಹೌಸ್ ಬಿಟ್ಟ ನೀರಿನ ಮೇಲೆಯೇ. (ಅವರಿಗೇನೂ ಅಪಾಯವಿಲ್ಲ. ಬಯಲಿನಲ್ಲಿ ಮೀಥೇನ್ ಕ್ಷಣದಲ್ಲಿ ಚದುರಿಹೋಗುತ್ತದೆ.)

ಬ್ರೆಜಿಲ್ಲಿನ ಗಲಾಟೆ ಶುರುವಾದದ್ದು ಈ ಟರ್ಬೈನ್ ನೀರಿನ ಮೇಲೆ. ಮನಾಸ್‌ನ ಅಮೆಜಾನ್ ಸಂಶೋಧನಾ ಸಂಸ್ಥೆಯ ಫಿಲಿಪ್ ಫಿಯರ್ನ್‌ಸೈಡ್ 1995ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಅಮೆಜಾನಿನ ಜಲವಿದ್ಯುತ್ ಯೋಜನೆಗಳೂ ಹಸಿರುಮನೆ ಅನಿಲಗಳ ಮೂಲಗಳೇ ಎಂದರು. 2002ರಲ್ಲಿ ಟುಕುರುಯಿ ಅಣೆಕಟ್ಟೆಯ ಲೆಕ್ಕ ಹಾಕಿ, ಟರ್ಬೈನಿನಿಂದ ಹೊರಬೀಳುವ ಮೀಥೇನನ್ನು ಅಧಿಕೃತ ಅಂದಾಜುಗಳು ಬಿಟ್ಟುಬಿಟ್ಟಿವೆ ಎಂದು ಹೇಳಿದರು. ರಿಯೊದ ವಿಜ್ಞಾನಿ ಲುಯಿಜ್ ಪಿಂಗೆಲ್ಲಿ ರೋಸಾ ಅದನ್ನು ಖಂಡಿಸಿದರು. ರೋಸಾ 2003ರಲ್ಲಿ ಸರ್ಕಾರಿ ವಿದ್ಯುತ್ ಸಂಸ್ಥೆ ಎಲೆಟ್ರೊಬ್ರಾಸ್‌ನ ಅಧ್ಯಕ್ಷರೂ ಆಗಿದ್ದರು ಎಂಬುದನ್ನು ಓದುಗರು ನೆನಪಿನಲ್ಲಿಡಬಹುದು. ಇಬ್ಬರ ವಾಗ್ವಾದ ವಿಜ್ಞಾನ ಪತ್ರಿಕೆಗಳ ಪುಟಗಳಲ್ಲಿ ವರ್ಷಗಟ್ಟಲೆ ನಡೆಯಿತು, ಭಾಷೆ ಆಗಾಗ ಖಾರವೂ ಆಯಿತು. ಒಳ್ಳೆಯದೇ ಆಯಿತು ಎನ್ನಬೇಕು. ಜಗಳ ಬಿಡಿಸಲು ದೋಣಿ ಹತ್ತಿ ಅಳೆಯುವುದೊಂದೇ ದಾರಿಯಾಗಿ ಉಳಿಯಿತು.

ಅಲೆಕ್ಸಾಂಡ್ರೆ ಕೆಮೆನೆಸ್ ಮತ್ತು ಸಂಗಡಿಗರು ಬಾಲ್ಬಿನಾದಲ್ಲಿ ಹಾಗೆ ಅಳೆದದ್ದು 2007ರಲ್ಲಿ ಪ್ರಕಟವಾಯಿತು. ಜಲಾಶಯದ ವಿಶಾಲ ಮೇಲ್ಮೈಯಿಂದ ವರ್ಷಕ್ಕೆ 34 ಸಾವಿರ ಟನ್ ಇಂಗಾಲ ಮೀಥೇನ್ ರೂಪದಲ್ಲಿ ಹೊರಬೀಳುತ್ತಿದ್ದರೆ, ಅಣೆಕಟ್ಟೆಯ ಕೆಳಗೆ ಟರ್ಬೈನ್ ಮತ್ತು ನದಿಯಿಂದ 39 ಸಾವಿರ ಟನ್! ಎರಡನ್ನೂ ಕೂಡಿಸಿ ಮೀಥೇನಿನ ತೂಕಕ್ಕೆ ಪರಿವರ್ತಿಸಿದರೆ ಸುಮಾರು 97 ಸಾವಿರ ಟನ್. 2015ರ ಅಕ್ಟೋಬರಿನಿಂದ ನಾಲ್ಕು ತಿಂಗಳು ಅಮೆರಿಕದ ಲಾಸ್ ಏಂಜಲಿಸ್ ಬಳಿಯ ಅಲಿಸೊ ಕ್ಯಾನಿಯನ್ ಅನಿಲ ಸಂಗ್ರಹಾಗಾರ ಸೋರಿ ಜಗತ್ತಿಗೆಲ್ಲ ಸುದ್ದಿಯಾಯಿತಲ್ಲ, ಆ ಒಟ್ಟು ಸೋರಿಕೆಯೂ ಹೆಚ್ಚುಕಡಿಮೆ ಇಷ್ಟೇ. ಅಲ್ಲಿ ಸಾವಿರಾರು ಕುಟುಂಬಗಳನ್ನು ಸ್ಥಳಾಂತರಿಸಿದರು, ಬಾವಿಯನ್ನು ಮುಚ್ಚಿದರು. ಬಾಲ್ಬಿನಾ ಅಷ್ಟನ್ನು ಪ್ರತಿವರ್ಷ ಬಿಡುತ್ತಿತ್ತು, ಅದೂ ನೀರು ತುಂಬಿ ಹದಿನೈದು ವರ್ಷ ಕಳೆದ ಮೇಲೆ.

ಕಾಲದ ಜೊತೆ ಜಲಾಶಯದ ಮೀಥೇನ್ ಹೇಗೆ ಬದಲಾಗುತ್ತದೆ ಎಂಬುದನ್ನು ಕಲಿಸಿದ್ದು ಬ್ರೆಜಿಲ್ಲಿನ ನೆರೆಯ ಫ್ರೆಂಚ್ ಗಯಾನಾ. ಅಲ್ಲಿನ ಪೆಟಿ ಸೋ ಅಣೆಕಟ್ಟೆ 1994ರಲ್ಲಿ ತುಂಬಲು ಶುರುವಾದಾಗಿನಿಂದ ವಿಜ್ಞಾನಿಗಳು ಹತ್ತು ವರ್ಷ ಬಿಡದೆ ಅಳೆದರು. ಮೊದಲ ಕೆಲವು ವರ್ಷ ಮೀಥೇನ್ ಭಾರಿ ಪ್ರಮಾಣದಲ್ಲಿ ಬಂತು. ಮುಳುಗಿದ ಎಲೆ, ಹುಲ್ಲು, ಮೇಲ್ಮಣ್ಣು ಕೊಳೆತು ಮುಗಿಯುತ್ತ ಬಂದಂತೆ ಅದು ಇಳಿಯಿತು, ಆದರೆ ಸೊನ್ನೆಗೆ ಬರಲಿಲ್ಲ. ಸುಪಾದ ವಿಷಯದಲ್ಲಿ ಆ ಮೊದಲ ಏರುಗಾಲ, ಅಂದರೆ 1980ರ ದಶಕದ ಕೊನೆ ಮತ್ತು 90ರ ದಶಕ, ಯಾರೂ ಅಳೆಯದೆ ಕಳೆದುಹೋಗಿದೆ. ಅದನ್ನು ಇನ್ನು ಯಾವ ಉಪಕರಣವೂ ಮರಳಿ ತಂದುಕೊಡದು.

ಭಾರತದ ಬಗ್ಗೆ ಒಂದು ದೊಡ್ಡ ಸಂಖ್ಯೆ ಹುಟ್ಟಿದ್ದೂ ಬ್ರೆಜಿಲ್ಲಿನಲ್ಲೇ. ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಇವಾನ್ ಲಿಮಾ ಮತ್ತು ಸಂಗಡಿಗರು 2007ರಲ್ಲಿ ಜಗತ್ತಿನ ದೊಡ್ಡ ಅಣೆಕಟ್ಟೆಗಳ ಮೀಥೇನ್ ಅಂದಾಜು ಮಾಡಿದಾಗ ಭಾರತದ ಪಾಲು ವರ್ಷಕ್ಕೆ 3 ಕೋಟಿ 35 ಲಕ್ಷ ಟನ್ ಎಂದು ಬಂತು. ಜಗತ್ತಿನಲ್ಲೇ ನಾವು ಮೊದಲು ಎಂದು ಪತ್ರಿಕೆಗಳು ಬರೆದವು. ನಾನು ಆ ಸಂಖ್ಯೆಯನ್ನು ನಂಬುವುದಿಲ್ಲ. ಭಾರತ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕದಲ್ಲಿ ದನಕರು, ಭತ್ತದ ಗದ್ದೆ, ಕಸ, ಗಣಿ ಎಲ್ಲ ಸೇರಿ ದೇಶದ ಒಟ್ಟು ಮೀಥೇನೇ ಸುಮಾರು 2 ಕೋಟಿ ಟನ್. ಅಣೆಕಟ್ಟೆಗಳು ಅದರ ಒಂದೂವರೆ ಪಟ್ಟು ಬಿಡುತ್ತವೆ ಎನ್ನಲು ಇಲ್ಲಿನ ಒಂದು ಜಲಾಶಯವನ್ನಾದರೂ ಅಳೆದಿರಬೇಕಿತ್ತು.

ಅಳೆಯುವ ಕೆಲಸವನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮಾಡಿತು. ಅಲ್ಲಿನ ವಿಜ್ಞಾನಿಗಳು ಭಾರತದ ಎಂಟು ಸಿಹಿನೀರಿನ ಜಲಾಶಯಗಳಲ್ಲಿ ಕರಗಿದ ಮೀಥೇನನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ದೇಶದ ಇಂಥ ಮೊದಲ ಅಳತೆಗಳಲ್ಲಿ ಅದೂ ಒಂದು. ಹೆಚ್ಚಿನ ಜಲಾಶಯಗಳ ತಳದಲ್ಲಿ ವರ್ಷದ ಕೆಲವು ಕಾಲ ಆಮ್ಲಜನಕ ಮುಗಿದು ಮೀಥೇನ್ ಕೂಡಿಕೊಳ್ಳುತ್ತದೆ, ಆದರೆ ಪದರಗಳು ಗಟ್ಟಿಯಾಗಿ ನಿಲ್ಲುವುದರಿಂದ ಮೇಲ್ಮೈಗೆ ಬರುವುದು ಕಡಿಮೆ ಎಂಬುದು ಅವರು ಕಂಡದ್ದು. ಲಿಮಾ ಅಂದಾಜು ಊಹೆಗಳ ಮೇಲೆ ನಿಂತಿದೆ ಎಂದೂ ಸ್ಪಷ್ಟವಾಗಿ ಬರೆದರು. ಅಣೆಕಟ್ಟೆ ಕಟ್ಟುವವರಿಗೆ ಇದು ನೆಮ್ಮದಿಯ ಸುದ್ದಿಯಂತೆ ಕಾಣಬಹುದು. ಬಾಲ್ಬಿನಾದ ಪಾಠ ತಿಳಿದವರು ಮಾತ್ರ ಇದೇ ಫಲಿತಾಂಶವನ್ನು ಬೇರೆ ರೀತಿಯಲ್ಲಿ ಓದುತ್ತಾರೆ. ಮೇಲೆ ಕಡಿಮೆ, ತಳದಲ್ಲಿ ಹೆಚ್ಚು ಎಂದಾದರೆ ತಳದ ನೀರನ್ನು ಹೊರಗೆ ಬಿಡುವ ಬಾಯಿಯಲ್ಲಿ ಎಷ್ಟು ಹೋಗುತ್ತಿದೆ?

ಸುಪಾದ ಗಾತ್ರ ಎಷ್ಟು ಎಂಬುದನ್ನು ಕೈಯಲ್ಲಿರುವ ಮಾಹಿತಿಯಿಂದ ಲೆಕ್ಕ ಹಾಕೋಣ. ಪೂರ್ಣ ಮಟ್ಟವಾದ 564 ಮೀಟರಿಗೆ ತುಂಬಿದಾಗ ಹಿನ್ನೀರು ಸುಮಾರು 120 ಚದರ ಕಿಲೋಮೀಟರ್ ಹರಡುತ್ತದೆ. ಅಣೆಕಟ್ಟೆಯ ಬುಡದಲ್ಲಿರುವ ಪವರ್‌ಹೌಸ್ 100 ಮೆಗಾವಾಟಿನದು. ಆದರೆ ಸುಪಾ ಹಿಡಿದಿಟ್ಟ ನೀರೇ ಕೆಳಗೆ ದಾಂಡೇಲಿ ದಾಟಿ ಬೊಮ್ಮನಹಳ್ಳಿ ಜಲಾಶಯ ಸೇರಿ ಅಂಬಿಕಾನಗರದ ನಾಗಝರಿಯಲ್ಲಿ ಸುಮಾರು 900 ಮೆಗಾವಾಟ್ ಯಂತ್ರಗಳನ್ನು ತಿರುಗಿಸುತ್ತದೆ. ಎರಡನ್ನೂ ಸೇರಿಸಿದರೆ ಮುಳುಗಿದ ಒಂದೊಂದು ಚದರ ಮೀಟರಿಗೆ ಸುಮಾರು 8 ವಾಟ್. ಬಾಲ್ಬಿನಾದಲ್ಲಿ 2,360 ಚದರ ಕಿಲೋಮೀಟರ್ ಮುಳುಗಿಸಿ ಸಿಕ್ಕಿದ್ದು 250 ಮೆಗಾವಾಟ್, ಅಂದರೆ ಚದರ ಮೀಟರಿಗೆ 0.1 ವಾಟ್. ಸಪಾಟಾದ ಅಮೆಜಾನಿಗೂ ಆಳವಾದ ಪಶ್ಚಿಮ ಘಟ್ಟದ ಕಣಿವೆಗೂ ಇರುವ ವ್ಯತ್ಯಾಸ ಇದು. ಸುಪಾ ಬಾಲ್ಬಿನಾ ಅಲ್ಲ. ಹಾಗೆ ಹೇಳಿ ಹೆದರಿಸುವವರನ್ನು ನಂಬಬೇಡಿ.

ಹಾಗೆಂದು ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ಯೋಜನೆಯವರು 2006ರಲ್ಲಿ ಮಾಡಿದ ನಿಯಮದ ಪ್ರಕಾರ ಚದರ ಮೀಟರಿಗೆ 10 ವಾಟ್ ದಾಟಿದ ಯೋಜನೆಗಳಿಗೆ ಮಾತ್ರ ಜಲಾಶಯದ ಅನಿಲವನ್ನು ಲೆಕ್ಕದಿಂದ ಬಿಡಬಹುದು. 4ರಿಂದ 10ರ ನಡುವೆ ಇದ್ದರೆ ಪ್ರತಿ ಯೂನಿಟ್ಟಿಗೆ 90 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಸೇರಿಸಲೇಬೇಕು. ಸುಪಾ-ನಾಗಝರಿ ಜೋಡಿ ಬೀಳುವುದು ಆ ನಡುವಿನ ಸಾಲಿನಲ್ಲಿ. ಇನ್ನು ಹವಾಮಾನದ ಅಂತರಸರ್ಕಾರಿ ಸಮಿತಿ 2019ರಲ್ಲಿ ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿಯು, ಇಪ್ಪತ್ತು ವರ್ಷ ದಾಟಿದ ಉಷ್ಣವಲಯದ ತೇವ ಪ್ರದೇಶದ ಜಲಾಶಯಕ್ಕೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 140 ಕೆ.ಜಿ. ಮೀಥೇನ್ ಹಿಡಿಯಬೇಕೆನ್ನುತ್ತದೆ. ತುಂಬಿದ ಸುಪಾಕ್ಕೆ ಇದನ್ನು ಗುಣಿಸಿದರೆ ಸುಮಾರು 1,700 ಟನ್. ಅಡುಗೆ ಅನಿಲದ ಸಿಲಿಂಡರಿನ ತೂಕದಲ್ಲಿ ಹೇಳುವುದಾದರೆ 1 ಲಕ್ಷ 20 ಸಾವಿರ ಸಿಲಿಂಡರುಗಳಷ್ಟು ಅನಿಲ. ಜಲಾಶಯ ವರ್ಷವಿಡೀ ತುಂಬಿರದ ಕಾರಣ ನಿಜವಾದ ಮೊತ್ತ ಸ್ವಲ್ಪ ಕಡಿಮೆಯಾದೀತು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಮಾಡುತ್ತದೆ. ಆ ಲೆಕ್ಕದಲ್ಲಿ ಕಲ್ಲಿದ್ದಲಿನಿಂದ ಹದಿನಾಲ್ಕು ಕೋಟಿ ಯೂನಿಟ್ ವಿದ್ಯುತ್ ತಯಾರಿಸಿದಷ್ಟು ಹಾನಿ. ನಾಗಝರಿ ಒಂದು ವರ್ಷಕ್ಕೆ ಅದರ ಹಲವು ಪಟ್ಟು ವಿದ್ಯುತ್ ಕೊಡುತ್ತದೆ. ಆದ್ದರಿಂದ ಇಂದಿನ ಸುಪಾ, ಕಲ್ಲಿದ್ದಲಿಗಿಂತ ಈಗಲೂ ಬಹಳ ಮೇಲು.

ಇನ್ನು ಆತಂಕದ ಮಾತಿಗೆ ಬರುತ್ತೇನೆ. ಈ 1,700 ಟನ್ನಿಗೆ ಟರ್ಬೈನ್ ಕೆಳಗಿನ ಪಾಲು ಸೇರಿಲ್ಲ. ಮಾರ್ಗಸೂಚಿ ಅದಕ್ಕೆಂದು ಮೇಲ್ಮೈಯ 9 ಶೇಕಡಾ ಹಿಡಿಯಲು ಹೇಳುತ್ತದೆ. ಬಾಲ್ಬಿನಾದಲ್ಲಿ ಅಳೆದಾಗ ಸಿಕ್ಕಿದ್ದು ಮೇಲ್ಮೈಯ 115 ಶೇಕಡಾ. ಸುಪಾದ್ದು 9ಕ್ಕೆ ಹತ್ತಿರವೋ 115ಕ್ಕೆ ಹತ್ತಿರವೋ ಎಂಬುದನ್ನು ಗಣೇಶಗುಡಿಯಲ್ಲಿ ಬಾಟಲಿಯಲ್ಲಿ ನೀರು ಹಿಡಿದೇ ಹೇಳಬೇಕು.

ಅದಕ್ಕಿಂತ ದೊಡ್ಡ ಆತಂಕ ಬೊಮ್ಮನಹಳ್ಳಿಯದು. ಹಳೆಯ ಕಾಡು ಕೊಳೆತು ಮುಗಿದ ಮೇಲೆ ಜಲಾಶಯದ ಮೀಥೇನಿಗೆ ಮೇವು ಹೊರಗಿನಿಂದ ಬರಬೇಕು. ಸಾರಜನಕ, ರಂಜಕ ಹೆಚ್ಚು ಬಂದರೆ ಪಾಚಿ ಬೆಳೆಯುತ್ತದೆ, ಪಾಚಿ ಸತ್ತು ತಳ ಸೇರುತ್ತದೆ, ತಳದಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. 2019ರ ಅದೇ ಮಾರ್ಗಸೂಚಿಯಲ್ಲಿ ಇದಕ್ಕೂ ಒಂದು ಗುಣಕವಿದೆ. ಪೋಷಕಾಂಶ ತೀರಾ ಕಡಿಮೆ ಇರುವ ತಿಳಿನೀರಿನ ಜಲಾಶಯಕ್ಕೆ 0.7, ಮಧ್ಯಮಕ್ಕೆ 3, ಪಾಚಿಗಟ್ಟಿದ್ದಕ್ಕೆ 10, ಹಸಿರು ಗಂಜಿಯಂತಾದದ್ದಕ್ಕೆ 25. ಒಂದೇ ಅಣೆಕಟ್ಟೆ, ಒಂದೇ ವಿಸ್ತೀರ್ಣ; ನೀರು ಕೆಟ್ಟರೆ ಅನಿಲ ಹತ್ತಾರು ಪಟ್ಟು. ಜಗತ್ತಿನ ಕೆರೆ-ಜಲಾಶಯಗಳಿಗೆ ಪೋಷಕಾಂಶ ಹೀಗೇ ಸೇರುತ್ತ ಹೋದರೆ ಅವುಗಳ ಮೀಥೇನ್ ಮುಂದಿನ ನೂರು ವರ್ಷಗಳಲ್ಲಿ 30ರಿಂದ 90 ಶೇಕಡಾ ಏರಬಹುದು ಎಂದು 2019ರ ಅಧ್ಯಯನವೊಂದು ಅಂದಾಜಿಸಿದೆ.

ನಕ್ಷೆ ತೆಗೆದು ನೋಡಿ. ಸುಪಾದ ಮೇಲ್ಭಾಗ ಬಹುಪಾಲು ಕಾಡು. ಸುಪಾ ಮತ್ತು ಬೊಮ್ಮನಹಳ್ಳಿಯ ನಡುವೆ ಇರುವುದು ದಾಂಡೇಲಿ ಪಟ್ಟಣ, 1950ರ ದಶಕದಿಂದ ಕಾಗದ ಕಾರ್ಖಾನೆಯ ಸುತ್ತ ಬೆಳೆದ ಬಂಗೂರನಗರ, ಈಚಿನ ವರ್ಷಗಳಲ್ಲಿ ನದಿದಂಡೆಯುದ್ದಕ್ಕೂ ಎದ್ದ ರೆಸಾರ್ಟುಗಳು, ಹೋಂಸ್ಟೇಗಳು. ಹಳಿಯಾಳದ ಕಬ್ಬು, ಗೋವಿನಜೋಳದ ಹೊಲಗಳಿಗೆ ಹಾಕಿದ ಗೊಬ್ಬರದ ಒಂದು ಪಾಲು ಮಳೆನೀರಿನೊಂದಿಗೆ ಕಾಳಿಯ ಉಪನದಿ ತಟ್ಟಿಹಳ್ಳದ ಕಡೆ ಹರಿಯುತ್ತದೆ. ಇವರಲ್ಲಿ ಯಾರೊಬ್ಬರ ಮೇಲೂ ಬೊಟ್ಟು ಮಾಡಿ ಹೇಳುವ ಮಾತಿದಲ್ಲ. ನಾವೆಲ್ಲ ಬಿಟ್ಟ ನೀರು ನಿಲ್ಲುವ ಜಾಗ ಬೊಮ್ಮನಹಳ್ಳಿ ಎಂದಷ್ಟೇ ಹೇಳುತ್ತಿದ್ದೇನೆ. ಸುಪಾದ ತಿಳಿನೀರು ಬೊಮ್ಮನಹಳ್ಳಿಗೆ ಬರುವಾಗ ಯಾವ ಗುಣಕದ ಸಾಲಿಗೆ ಸೇರುತ್ತದೆ ಎಂಬುದು ಈಗಲೇ ತಿಳಿಯಬೇಕಾದ ವಿಷಯ. ಪಾಚಿ ಕಟ್ಟಿದ ಮೇಲೆ ಜಲಾಶಯವನ್ನು ಹಿಂದಕ್ಕೆ ತರುವುದು ಬಹಳ ಕಷ್ಟ.

ಮಟ್ಟದ ಏರಿಳಿತವೂ ಸಣ್ಣ ವಿಷಯವಲ್ಲ. ಸುಪಾ ಬೇಸಿಗೆಗೆ ಹತ್ತಾರು ಮೀಟರ್ ಇಳಿದು ಮಳೆಗಾಲಕ್ಕೆ ಮತ್ತೆ ಏರುತ್ತದೆ. ಬತ್ತಿದ ಅಂಚಿನಲ್ಲಿ ಹುಲ್ಲು ಹುಟ್ಟುತ್ತದೆ, ಆಗಸ್ಟಿನಲ್ಲಿ ಮುಳುಗಿ ಕೊಳೆಯುತ್ತದೆ. ವರ್ಷ ವರ್ಷವೂ ಹೊಸ ಮೇವು. ಮಟ್ಟ ಇಳಿಯುವಾಗ ತಳದ ಮೇಲಿನ ಒತ್ತಡ ಕಡಿಮೆಯಾಗಿ ಕೆಸರಿನ ಗುಳ್ಳೆಗಳು ಏಳುತ್ತವೆ. ಮಳೆ ಅನಿಶ್ಚಿತವಾದಷ್ಟೂ ಈ ಏರಿಳಿತ ಹೆಚ್ಚು. ನೀರು ಬೆಚ್ಚಗಾದಷ್ಟೂ ಮೀಥೇನ್ ತಯಾರಿಸುವ ಜೀವಿಗಳು ಚುರುಕು. ಅಂದರೆ ಬಿಸಿ ಹೆಚ್ಚಿದಂತೆ ಅನಿಲ ಹೆಚ್ಚುತ್ತದೆ, ಅನಿಲ ಹೆಚ್ಚಿದಂತೆ ಬಿಸಿ ಹೆಚ್ಚುತ್ತದೆ.

ಬಿಸಿಯ ಪರಿಣಾಮ ಕಾಳಿ ಕಣಿವೆಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯಲ್ಲಿ ನೂರು ಕೋಟಿಗೆ ಸುಮಾರು 720 ಭಾಗ ಇದ್ದ ಮೀಥೇನ್ ಈಗ 1,900 ದಾಟಿದೆ. ಭೂಮಿ ಈವರೆಗೆ ಕಂಡ ತಾಪದ ಏರಿಕೆಯಲ್ಲಿ ಸುಮಾರು ಅರ್ಧ ಡಿಗ್ರಿ ಮೀಥೇನಿನದು. ಒಂದು ಡಿಗ್ರಿ ಬಿಸಿಯಾದರೆ ಗಾಳಿ 7 ಶೇಕಡಾ ಹೆಚ್ಚು ತೇವ ಹೊರುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. 2019ರ ಆಗಸ್ಟಿನಲ್ಲಿ ಕಾಳಿಯ ಕೆಳದಂಡೆಯ ಕದ್ರಾ ಸುತ್ತಿನ ಊರುಗಳು ಮುಳುಗಿದವು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ತೋಟ ಮನೆಗಳ ಮೇಲೆ ಜಾರಿದವು. ಆ ಒಂದೊಂದು ಅವಘಡವನ್ನು ಮೀಥೇನಿನ ತಲೆಗೆ ಕಟ್ಟಲಾಗದು. ಅಂಥ ಮಳೆಗಳು ಮತ್ತೆ ಮತ್ತೆ ಬರುವ ಸಾಧ್ಯತೆಯನ್ನು ಅದು ಹೆಚ್ಚಿಸುತ್ತಿದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದಷ್ಟು. ಇಂದು ತಡೆದರೆ ಫಲ ನಮ್ಮ ಕಾಲದಲ್ಲೇ ಕಾಣುತ್ತದೆ, ಇಂಗಾಲದ ಡೈಆಕ್ಸೈಡಿನಂತೆ ಮೊಮ್ಮಕ್ಕಳವರೆಗೆ ಕಾಯಬೇಕಿಲ್ಲ.

2021ರಲ್ಲಿ ಗ್ಲಾಸ್ಗೊದ ಹವಾಮಾನ ಸಮ್ಮೇಳನದಲ್ಲಿ ಬ್ರೆಜಿಲ್ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಸೇರಿತು. 2030ರೊಳಗೆ ಜಗತ್ತಿನ ಮೀಥೇನನ್ನು 2020ರ ಮಟ್ಟಕ್ಕಿಂತ 30 ಶೇಕಡಾ ಇಳಿಸಬೇಕೆಂಬುದು ಗುರಿ. ಭಾರತ ಸೇರಲಿಲ್ಲ. ನಮ್ಮ ಮೀಥೇನ್ ಬಹುಪಾಲು ಸಣ್ಣ ರೈತರ ದನಕರು, ಗದ್ದೆಗಳದ್ದು, ಅದು ಬದುಕಿನ ಪ್ರಶ್ನೆ ಎಂಬುದು ಸರ್ಕಾರದ ನಿಲುವು. ಮುಂಡಗೋಡದ ಗದ್ದೆಯವನನ್ನು ಅಮೆರಿಕದ ತೈಲ ಕಂಪನಿಯ ಸಾಲಿಗೆ ನಿಲ್ಲಿಸಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಣೆಕಟ್ಟೆ ರೈತನದಲ್ಲ, ಸರ್ಕಾರದ್ದು. ಅದನ್ನು ಅಳೆಯಲು ಯಾವ ರೈತನ ಅನ್ನಕ್ಕೂ ಕುತ್ತು ಬರುವುದಿಲ್ಲ. ಸಹಿ ಹಾಕಿದ ಬ್ರೆಜಿಲ್ ಆಮೇಲೂ ಅಮೆಜಾನಿನಲ್ಲಿ ತೈಲ ಹುಡುಕುತ್ತಿದೆ, ಅದೂ ನಿಜ. ಪ್ರತಿಜ್ಞೆಗಿಂತ ಅಳತೆಯ ಪುಸ್ತಕವೇ ನನಗೆ ಮುಖ್ಯ.

ಉಪಗ್ರಹ ಇದೆಯಲ್ಲ ಎನ್ನುವವರಿದ್ದಾರೆ. ತುರ್ಕ್‌ಮೆನಿಸ್ತಾನದ ಸೋರಿಕೆಗಳನ್ನು ಬಯಲಿಗೆಳೆದದ್ದು 2017ರಲ್ಲಿ ಹಾರಿಸಿದ ಯುರೋಪಿನ ಸೆಂಟಿನೆಲ್-5ಪಿಯಂಥ ಉಪಗ್ರಹಗಳು. ಮರುಭೂಮಿಯ ಒಣ ನೆಲದ ಮೇಲೆ, ಒಂದೇ ಬಾಯಿಂದ ಚಿಮ್ಮುವ ಅನಿಲವನ್ನು ಅವು ಚೆನ್ನಾಗಿ ಹಿಡಿಯುತ್ತವೆ. ನೀರಿನ ಮೈ ಅವುಗಳಿಗೆ ಬೇಕಾದ ಬೆಳಕನ್ನು ಸರಿಯಾಗಿ ಮರಳಿಸದು, ಘಟ್ಟದ ಮೇಲೆ ನಾಲ್ಕು ತಿಂಗಳು ಮೋಡ, ಹೊರಬೀಳುವ ಅನಿಲವೂ ಹತ್ತಾರು ಚದರ ಕಿಲೋಮೀಟರ್ ಹರಡಿಕೊಂಡಿರುತ್ತದೆ. ಸುಪಾವನ್ನು ಆಕಾಶದಿಂದ ಅಳೆಯಲಾಗದು.

ದೋಣಿಯಿಂದ ಅಳೆಯಲು ಕೋಟಿಗಟ್ಟಲೆ ಹಣ ಬೇಡ. ನೀರಿನ ಮೇಲೆ ತೇಲುವ ಮುಚ್ಚಿದ ಡಬ್ಬಿ, ಗುಳ್ಳೆ ಹಿಡಿಯಲು ಬೋರಲು ಹಾಕಿದ ಆಲಿಕೆ, ಬೇರೆ ಬೇರೆ ಆಳದಿಂದ ನೀರು ತೆಗೆಯುವ ಬಾಟಲಿ, ಪರೀಕ್ಷೆಗೆ ಒಂದು ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ, ಗೋವಾದ ಸಾಗರ ವಿಜ್ಞಾನಿಗಳಿಗೆ ಈ ಕೆಲಸ ಗೊತ್ತೇ ಇದೆ. ದಾಂಡೇಲಿ, ಹಳಿಯಾಳದ ಕಾಲೇಜುಗಳ ವಿದ್ಯಾರ್ಥಿಗಳು ನೀರು ಹಿಡಿದು ಕೊಡಬಲ್ಲರು. ಅಣೆಕಟ್ಟೆಯ ಮಟ್ಟ, ಒಳಹರಿವು, ಹೊರಹರಿವುಗಳನ್ನು ಕರ್ನಾಟಕ ವಿದ್ಯುತ್ ನಿಗಮ ದಿನಾ ಬರೆದಿಡುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿದರೆ ಸಾಕು. ಸುಪಾ, ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಐದೂ ಕಡೆ, ಮೇಲ್ಮೈ ಮತ್ತು ಟರ್ಬೈನ್ ಕೆಳಗಿನ ನೀರನ್ನು ಎಲ್ಲ ಋತುಗಳಲ್ಲಿ ಅಳೆದು ಜನರ ಮುಂದಿಡುವಂತೆ ನಿಗಮವನ್ನು ಕೇಳುವ ಹಕ್ಕು ಈ ನದಿಗಾಗಿ ಊರು ಕೊಟ್ಟವರಿಗಿದೆ. ಮುಂದಿನ ಗ್ರಾಮಸಭೆಯಲ್ಲಿ, ನಗರಸಭೆಯಲ್ಲಿ ಅದನ್ನು ಬರವಣಿಗೆಯಲ್ಲಿ ಕೇಳಿ.